ಹಿಂದೆ ಕೂತವಳ ಕೈ

ನನ್ನ ಅಡುಗೆಮನೆಯ ಮೊಳೆಗೆ ತೂಗುಹಾಕಿರುವ ಮೂರಡುಕಿನ ಹಿತ್ತಾಳೆಯ ಕ್ಯಾರಿಯರ್‌ನಲ್ಲಿ ನಡುವಿನ ಡಬ್ಬಿಗೆ ಒಂದು ನೆಗ್ಗು ಬಿದ್ದಿದೆ. ಹೆಬ್ಬೆರಳು ಇಟ್ಟರೆ ಹದವಾಗಿ ಕೂರುವಷ್ಟು ಅಗಲ. ಪಾತ್ರೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದವನಿಂದ ಹಿಡಿದು ಮೊನ್ನೆ ಮೊನ್ನೆ ಮನೆ ತುಂಬಿದ ಸೊಸೆಯವರೆಗೆ ಅದನ್ನು ಕಂಡವರೆಲ್ಲ, ಒಳಗಿನಿಂದ ಎರಡೇಟು ತಟ್ಟಿದರೆ ಸರಿಹೋಗುತ್ತದೆ ಎಂದು ಉಪದೇಶ ಮಾಡಿದ್ದಾರೆ. ಸರಿಹೋಗುತ್ತದೆಂದು ನನಗೂ ಗೊತ್ತು. ಆದರೆ ಆ ನೆಗ್ಗು ಸುಮ್ಮನೆ ಬಂದದ್ದಲ್ಲ, ನಾನು ಕಷ್ಟಪಟ್ಟು ಸಂಪಾದಿಸಿದ್ದು. ನನ್ನ ಮೈಮೇಲೆ ಆಗಬೇಕಾಗಿದ್ದ ಗಾಯದಲ್ಲಿ ಅರ್ಧವನ್ನು ಆ ಡಬ್ಬಿ ತನ್ನ ಮೇಲೆ ಹಾಕಿಕೊಂಡಿತು ಎಂಬ ಋಣವೂ ಇದೆ. ಹೇಗೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ. ಮೇಷ್ಟರಾಗಿದ್ದವಳು, ಹೇಳಲು ಶುರುಮಾಡಿದರೆ ಗಂಟೆ ಬಾರಿಸುವವರೆಗೆ ನಿಲ್ಲಿಸುವ ಅಭ್ಯಾಸವಿಲ್ಲ.

ನಮ್ಮದು ತಮಿಳುನಾಡಿನ ಕಂಬಂ ಕಣಿವೆ. ಎಷ್ಟೋ ತಲೆಮಾರುಗಳ ಹಿಂದೆ ನಮ್ಮ ಹಿರಿಯರು ಎತ್ತು, ನೇಗಿಲು, ದೇವರು, ಕನ್ನಡ ಇಷ್ಟನ್ನು ಗಾಡಿಗೆ ಹೇರಿಕೊಂಡು ಇಲ್ಲಿಗೆ ಬಂದರಂತೆ. ಬಂದವರು ಮಾತನ್ನು ಬಿಡಲಿಲ್ಲ, ಆದರೆ ಅಕ್ಷರವನ್ನು ದಾರಿಯಲ್ಲೆಲ್ಲೋ ಬೀಳಿಸಿಕೊಂಡರು. ಹಾಗಾಗಿ ನಾವು ಜಗಳವಾಡುವುದು, ಲಾಲಿ ಹಾಡುವುದು, ಎತ್ತನ್ನು ಬೈಯುವುದು ಕನ್ನಡದಲ್ಲಿ, ಓದು ಬರಹ ಮಾತ್ರ ತಮಿಳಿನಲ್ಲಿ. ನಾನು ಕನ್ನಡದ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಮೈಸೂರಿಗೆ ಮದುವೆ ಮಾಡಿಕೊಟ್ಟ ಮಗಳ ಮನೆಯಲ್ಲಿ, ಮೊಮ್ಮಗಳ ಸ್ಲೇಟಿನ ಅರ್ಧ ಭಾಗವನ್ನು ಕಡ ಕೇಳಿ. ಇಷ್ಟು ತಡವಾಗಿ ಕಲಿತವಳಿಗೆ ಬರೆಯುವ ಚಪಲ ಹೆಚ್ಚು. ನನ್ನ ವಾಕ್ಯಗಳು ಉದ್ದವಾದರೆ ಅದಕ್ಕೆ ಕಾರಣ ಅದೇ ಇರಬೇಕು.

ಅರವತ್ತರ ದಶಕದ ನಡುವಿನ ಮಾತು. ದಿಂಡಿಗಲ್‌ನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದವಳನ್ನು ಮಾರ್ಕಯನ್‌ಕೋಟ್ಟೈಯ ನನ್ನ ಸೋದರಮಾವನ ಮಗನಿಗೆ ಕೊಟ್ಟರು. ಅಂದರೆ ಮಾವನೇ ಮಾವನಾದ. ನಾನು ಹುಟ್ಟಿದಾಗಿನಿಂದ ಅವರನ್ನು ಮಾಮ ಎಂದು ಕರೆದವಳು, ಸೊಸೆಯಾದ ಮೇಲೂ ಹಾಗೇ ಕರೆದೆ. ಅತ್ತೆಯನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಹೊಸದಾಗಿ ಕಲಿಯಬೇಕಾಗಿ ಬಂದದ್ದು ಒಂದೇ: ಚಿಕ್ಕಂದಿನಿಂದ ನಾನು ಹೆಸರು ಹಿಡಿದು ಕೂಗುತ್ತಿದ್ದ, ನನ್ನ ಮಾವಿನಕಾಯಿ ಕಿತ್ತುಕೊಂಡು ಓಡಿಹೋಗುತ್ತಿದ್ದ ಹುಡುಗನ ಹೆಸರನ್ನು ತಾಳಿ ಬಿದ್ದ ಗಳಿಗೆಯಿಂದ ನಾಲಿಗೆಯ ಮೇಲೆ ತರದಿರುವುದು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ನಮ್ಮಲ್ಲಿ ಗಟ್ಟಿಯಾದ ನಂಬಿಕೆ. ಮದುವೆಯಾಗಿ ಎರಡು ತಿಂಗಳಿಗೆ ತೇವಾರಂ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ನಮ್ಮ ಬೀದಿಯಲ್ಲಿ ಹೊರಗೆ ಕೆಲಸಕ್ಕೆ ಹೊರಟ ಮೊದಲ ಸೊಸೆ ನಾನೇ.

ತೇವಾರಂ ನಮ್ಮ ಊರಿಗೆ ಆರೇಳು ಮೈಲಿ. ಬಸ್ಸು ಇತ್ತು, ಆದರೆ ಅದು ಶಾಲೆಯ ಮೊದಲ ಗಂಟೆಗಿಂತ ಒಂದು ಗಂಟೆ ತಡವಾಗಿ ಬರುತ್ತಿತ್ತು. ಅದಕ್ಕೆ ನನ್ನ ಯಜಮಾನರು ಒಂದು ಉಪಾಯ ಹೂಡಿದರು. ಬೋಡಿನಾಯಕನೂರಿನ ಮೇಲಿನ ಏಲಕ್ಕಿ ತೋಟದ ಮೇನೇಜರರೊಬ್ಬರು ಊರು ಬಿಟ್ಟು ಹೋಗುವಾಗ ಮಾರಿದ ಹಳೆಯ ಮೋಟಾರ್ ಸೈಕಲ್ ಒಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಅದರ ಪಕ್ಕದ ಡಬ್ಬಿಯನ್ನು ತೆರೆದರೆ ಸ್ಪಾನರುಗಳ ನಡುವೆ ಇನ್ನೂ ಏಲಕ್ಕಿಯ ವಾಸನೆ ಇತ್ತು. ಬೀದಿಯ ಹೆಂಗಸರು ಅದಕ್ಕೆ ಆರತಿ ಎತ್ತಿದರು, ಕುಂಕುಮ ಇಟ್ಟರು, ಕೊಂಬು ಇಲ್ಲವಲ್ಲ ಎಂದು ಹ್ಯಾಂಡಲ್‌ಗೇ ಹೂವು ಸುತ್ತಿದರು.

ಅವರಿಗೆ ಆಗ ಇಪ್ಪತ್ತಮೂರು ವಯಸ್ಸು. ಏಳನೆಯ ವಯಸ್ಸಿನಿಂದ ಎತ್ತಿನ ಗಾಡಿ ಹೊಡೆದ ಕೈ. ಆ ಕೈಗೆ ಒಂದೇ ವಿದ್ಯೆ ಗೊತ್ತಿತ್ತು: ನಿಲ್ಲಿಸಬೇಕಾದರೆ ಹಗ್ಗವನ್ನು ತನ್ನ ಕಡೆ ಜಗ್ಗಿ ‘ಹೋ ಹೋ’ ಅನ್ನುವುದು. ಕಲಿಯಲು ಹೊರಟ ಮೊದಲ ದಿನ ಬೀದಿಯ ತುದಿಯಲ್ಲಿ ಕೋಳಿಯೊಂದು ಅಡ್ಡ ಬಂದಾಗ ಅವರು ಹ್ಯಾಂಡಲನ್ನು ಎರಡೂ ಕೈಯಿಂದ ಎದೆಯ ಕಡೆ ಜಗ್ಗಿ ‘ಹೋ ಹೋ ಹೋ’ ಎಂದು ಕೂಗಿದರು. ಮೋಟಾರ್ ಸೈಕಲ್ಲಿನ ಬಲಗೈ ಹಿಡಿಯನ್ನು ತನ್ನ ಕಡೆ ತಿರುವಿದರೆ ಅದು ಇನ್ನೂ ಜೋರಾಗಿ ಓಡುತ್ತದೆ ಎಂಬುದನ್ನು ನೀವು ಬಲ್ಲಿರಿ, ಕೋಳಿಯೂ ಹೇಗೋ ಬಲ್ಲುದಾಗಿತ್ತು, ಹಾರಿ ಬದುಕಿತು. ನನ್ನ ಯಜಮಾನರು ಮಾತ್ರ ಜಗ್ಗಿದಷ್ಟೂ ವೇಗ ಹೆಚ್ಚಾಗಿ, ವೇಗ ಹೆಚ್ಚಾದಷ್ಟೂ ಜಗ್ಗಿ, ಕೊನೆಗೆ ನಮ್ಮದೇ ಹುಲ್ಲಿನ ಬಣವೆಯೊಳಗೆ ಸೊಂಟದವರೆಗೆ ಹೊಕ್ಕು ನಿಂತರು. ನಮ್ಮ ಬೀದಿಯ ಗಂಡಸರಲ್ಲಿ ಮುಂದೆ ಗಾಡಿ ಕಲಿತ ನಾಲ್ವರೂ ಇದೇ ತಪ್ಪು ಮಾಡಿದರು, ನಾಲ್ವರೂ ಆ ಬಣವೆಯನ್ನೇ ಆರಿಸಿಕೊಂಡರು. ಆ ವರ್ಷ ನಮ್ಮ ಎತ್ತುಗಳು ಪೆಟ್ರೋಲಿನ ವಾಸನೆಯ ಹುಲ್ಲು ತಿಂದು ಮುಖ ಸಿಂಡರಿಸಿದವು.

ಆ ತಪ್ಪನ್ನು ನೆನೆದು ನಾನು ಇವತ್ತಿಗೂ ನಗುತ್ತೇನೆ, ಆದರೆ ನಗು ಮುಗಿದ ಮೇಲೆ ಸ್ವಲ್ಪ ಯೋಚನೆಯೂ ಬರುತ್ತದೆ. ಗಾಡಿಯಲ್ಲಿ ಕೂತ ಮನುಷ್ಯ ಎಂದೂ ಒಬ್ಬನೇ ಗಾಡಿ ಹೊಡೆದವನಲ್ಲ. ಎರಡು ಎತ್ತುಗಳ ನಾಲ್ಕು ಕಣ್ಣುಗಳು ಅವನಿಗಿಂತ ಮುಂದೆ ಹೋಗುತ್ತಿದ್ದವು. ಹಳ್ಳ ಕಂಡರೆ ಅವು ನಿಲ್ಲುತ್ತಿದ್ದವು, ಮಗು ಅಡ್ಡ ಬಂದರೆ ಅವು ಹೆದರುತ್ತಿದ್ದವು, ಯಜಮಾನ ತೂಕಡಿಸಿದರೂ ಮನೆ ಸೇರಿಸುತ್ತಿದ್ದವು. ನಮ್ಮ ಜಾಗ್ರತೆಯಲ್ಲಿ ಮುಕ್ಕಾಲು ಪಾಲನ್ನು ಎತ್ತುಗಳೇ ಹೊತ್ತಿದ್ದವು ಎಂಬುದು ನಮಗೆ ತಿಳಿಯಲೇ ಇಲ್ಲ. ಯಂತ್ರಕ್ಕೆ ಕಣ್ಣಿಲ್ಲ, ಭಯವಿಲ್ಲ, ಮನೆಯ ನೆನಪಿಲ್ಲ. ಅದರ ಮೇಲೆ ಕೂತ ಹುಡುಗ ಆ ನಾಲ್ಕು ಕಣ್ಣುಗಳ ಕೆಲಸವನ್ನೂ ತಾನೇ ಮಾಡಬೇಕು, ಅದೂ ರಕ್ತ ಬಿಸಿಯಿರುವ ವಯಸ್ಸಿನಲ್ಲಿ, ಕಿವಿಯಲ್ಲಿ ಗಾಳಿ ತುಂಬಿ ಲೋಕವೆಲ್ಲ ತನ್ನದೇ ಅನ್ನಿಸುವ ಹೊತ್ತಿನಲ್ಲಿ. ಹರೆಯದವರನ್ನು ಬೈದು ಉಪಯೋಗವಿಲ್ಲ, ಅವರಿಗೆ ಎರಡು ಕಣ್ಣು ಸಾಲದು ಎಂದು ಯಾರಾದರೂ ಪ್ರೀತಿಯಿಂದ ಹೇಳಿಕೊಡಬೇಕು.

ಇಷ್ಟು ಹೇಳಿ ಹಿಂದೆ ಕೂತವಳನ್ನು ಮರೆತೇಬಿಟ್ಟೆ. ಹಿಂದಿನ ಸೀಟಿನ ಭಾಗ್ಯವೇ ಹಾಗೆ. ಮೋಟಾರ್ ಸೈಕಲ್ಲಿನ ಹಿಂದೆ ಒಂದು ಸಣ್ಣ ಚರ್ಮದ ಸೀಟು ಇತ್ತು, ಕೆಳಗೆ ಎರಡು ಸ್ಪ್ರಿಂಗು, ಹಿಡಿಯಲು ಏನೂ ಇಲ್ಲ. ನಾನು ಕಾಲುಗಳನ್ನು ಎಡಕ್ಕೆ ಬಿಟ್ಟು ಒಂದು ಪಕ್ಕಕ್ಕೆ ಕೂರುತ್ತಿದ್ದೆ. ಹಾಗೆ ಕೂತವಳಿಗೆ ದಾರಿ ಕಾಣುವುದಿಲ್ಲ, ದಾರಿಯ ಎಡಗಡೆಯ ಲೋಕ ಮಾತ್ರ ಕಾಣುತ್ತದೆ. ಬೆಳಿಗ್ಗೆ ಹೋಗುವಾಗ ಒಂದು ಬದಿಯ ಬಾಳೆತೋಟ, ಭತ್ತದ ಗದ್ದೆ, ಪಂಪ್‌ಸೆಟ್ಟಿನ ಮನೆಗಳು. ಸಂಜೆ ಬರುವಾಗ ಇನ್ನೊಂದು ಬದಿಯ ಈರುಳ್ಳಿ ಹೊಲ, ಹುಣಸೆಮರ, ಇಟ್ಟಿಗೆಯ ಗೂಡು. ಬೆಳಗಿಗೆ ಅರ್ಧ ಲೋಕ, ಸಂಜೆಗೆ ಉಳಿದರ್ಧ. ಮುಂದೆ ಕೂತವರಿಗೆ ಎದುರಿನ ಬೆಟ್ಟಸಾಲು, ನನಗೆ ಬದುಕಿನ ಬದುಗಳು. ಹೀಗೆ ಒಂದೇ ಗಾಡಿಯ ಮೇಲೆ ಕೂತು ಬೇರೆ ಬೇರೆ ಪ್ರಯಾಣ ಮಾಡುವುದನ್ನೇ ಸಂಸಾರ ಎಂದು ಕರೆಯುತ್ತಾರೇನೋ ಎಂದು ಆಗ ಅನ್ನಿಸುತ್ತಿತ್ತು.

ಆದರೆ ಕೈ? ಕೈಯನ್ನು ಎಲ್ಲಿಡುವುದು? ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಮನೆಯ ಜಗುಲಿಯ ಮೇಲೆ ಮಾಮ ಕೂತಿರುತ್ತಿದ್ದರು. ಅವರ ಪಕ್ಕ ಬೀದಿಯ ಹಿರಿಯರು ನಾಲ್ಕೈದು ಜನ, ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ನನಗೆ ಮಾಮಂದಿರೇ. ಹಿರಿಯರ ಎದುರು ಗಂಡನ ಪಕ್ಕ ನಿಲ್ಲುವುದಕ್ಕೂ ಹಿಂಜರಿಯುತ್ತಿದ್ದ ಕಾಲ. ಅಷ್ಟು ಕಣ್ಣುಗಳ ಮುಂದೆ ಗಂಡನ ಸೊಂಟಕ್ಕೆ ಕೈ ಹಾಕುವುದೇ? ಸೊಂಟ ಹಾಗಿರಲಿ, ಅಂಗಿಯ ತುದಿ ಮುಟ್ಟಿದರೂ ನಾಲ್ಕು ಊರಿಗೆ ಸುದ್ದಿ. ಹಾಗಾಗಿ ಒಂದು ಕೈಯಲ್ಲಿ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಮಡಿಲ ಮೇಲಿನ ಸೀರೆ, ಹೀಗೆ ದೇವರ ಪಟದಲ್ಲಿನ ದೇವಿಯ ಗಾಂಭೀರ್ಯದಿಂದ ಕೂತು ಮೂರು ವಾರ ನಾನು ತೇವಾರಕ್ಕೆ ಹೋಗಿಬಂದೆ. ಊರು ದಾಟಿದ ಮೇಲಾದರೂ ಹಿಡಿದುಕೊಳ್ಳಬಹುದಿತ್ತು ಎನ್ನುತ್ತೀರಿ. ಊರು ದಾಟಿದ ಮೇಲೆ ಹೊಲ, ಹೊಲದಲ್ಲಿ ನಮ್ಮ ಜನ. ಕಂಬಂ ಕಣಿವೆಯಲ್ಲಿ ನೆಂಟರಿಲ್ಲದ ಜಾಗ ಹುಡುಕಬೇಕಾದರೆ ಬೆಟ್ಟ ಹತ್ತಬೇಕು.

ಮೂರನೆಯ ವಾರದ ಶುಕ್ರವಾರ ಹೊರಡುವುದು ಸ್ವಲ್ಪ ತಡವಾಯಿತು. ಕಾಲುವೆಗೆ ಅಡ್ಡ ಕಟ್ಟಿದ ಒಂದು ಮೋರಿ ದಾರಿಯಲ್ಲಿತ್ತು, ರಸ್ತೆ ಅಲ್ಲಿ ಗೂನು ಬೆನ್ನಿನ ಹಾಗೆ ಏರಿ ಇಳಿಯುತ್ತಿತ್ತು. ದಿನವೂ ಅದರ ಬಳಿ ನಿಧಾನಿಸುತ್ತಿದ್ದ ಇಪ್ಪತ್ತಮೂರು ವಯಸ್ಸು ಅಂದು ನಿಧಾನಿಸಲಿಲ್ಲ. ಗಾಡಿ ಮೋರಿಯ ಮೇಲೆ ಹಾರಿತು. ಸ್ಪ್ರಿಂಗುಗಳು ನನ್ನನ್ನು ಮೇಲಕ್ಕೆ ಎಸೆದವು. ನಾನು ಕೆಳಗೆ ಬರುವ ಹೊತ್ತಿಗೆ ಸೀಟು ಅಲ್ಲಿರಲಿಲ್ಲ. ಕ್ಯಾರಿಯರ್ ಮೊದಲು ನೆಲ ಮುಟ್ಟಿತು, ಅದರ ಮೇಲೆ ನನ್ನ ಮೊಣಕೈ, ಆಮೇಲೆ ಉಳಿದ ನಾನು. ಅದೃಷ್ಟಕ್ಕೆ ರಸ್ತೆಬದಿಯಲ್ಲಿ ಮೊಳಕಾಲು ಮುಳುಗುವಷ್ಟು ಮೆತ್ತನೆಯ ಧೂಳು ಇತ್ತು.

ಈಗ ನನ್ನ ಜೀವನದ ಅತ್ಯಂತ ಮೂರ್ಖ ಗಳಿಗೆಯ ಬಗ್ಗೆ ಹೇಳಬೇಕು. ಗಾಡಿ ಮುಂದೆ ಹೋಗುತ್ತಿದೆ. ನಾನು ಧೂಳಿನಲ್ಲಿ ಕೂತಿದ್ದೇನೆ. ಕೂಗಿದರೆ ಇನ್ನೂ ಕೇಳುವಷ್ಟು ದೂರ. ಬಾಯಿ ತೆರೆದೆ, ಹೆಸರು ನಾಲಿಗೆಯ ತುದಿಯವರೆಗೂ ಬಂತು, ಅಲ್ಲೇ ನಿಂತಿತು. ಮೊಣಕೈಯಿಂದ ರಕ್ತ ಸೋರುತ್ತಿರುವಾಗಲೂ ನನ್ನ ತಲೆ ಅವರ ಆಯುಸ್ಸಿನ ಲೆಕ್ಕ ಹಾಕುತ್ತಿತ್ತು. ಕೊನೆಗೆ, ನಮ್ಮ ಹೆಂಗಸರು ಗಂಡನನ್ನು ಕರೆಯುವ ಹಾಗೆ, ‘ಇಂಗ ನೋಡಿ, ಇಂಗ ನೋಡಿ’, ಇಲ್ಲಿ ನೋಡಿ ಎಂದು ಕೂಗಿದೆ. ಮೋಟಾರಿನ ಸದ್ದಿನಲ್ಲಿ ಆ ಕೂಗಿಗೆ ಯಾರು ತಿರುಗುತ್ತಾರೆ? ಪಕ್ಕದ ಹೊಲದ ಎಮ್ಮೆಯೊಂದು ತಿರುಗಿ ನೋಡಿತು, ಅಷ್ಟೇ. ಗಂಡನ ಸೊಂಟ ಹಿಡಿದರೆ ಮಾನ ಹೋಗುತ್ತದೆಂದು ಹೆದರಿದವಳು ಈಗ ನಡುರಸ್ತೆಯಲ್ಲಿ ಸೀರೆ ಮಂಡಿಗೇರಿ, ತಲೆಯಲ್ಲಿ ಹುಳಿಯನ್ನದ ಅಗುಳು ಮೆತ್ತಿಕೊಂಡು ಕೂತಿದ್ದೆ. ಮಾನ ಎಂಬುದು ಯಾವುದರಿಂದ ಹೋಗುತ್ತದೆ, ಯಾವುದರಿಂದ ಉಳಿಯುತ್ತದೆ ಎಂದು ಆವತ್ತು ಮೊದಲ ಬಾರಿಗೆ ನನಗೆ ಅನುಮಾನ ಬಂತು.

ಅವರೋ, ತೇವಾರದವರೆಗೂ ನನ್ನ ಜೊತೆ ಮಾತಾಡುತ್ತಲೇ ಹೋದರಂತೆ. ಬಾವಿಗೆ ಹೊಸ ಪಂಪ್ ಹಾಕಿಸುವುದೋ ಬೇಡವೋ ಎಂಬ ವಿಷಯ. ನಾನು ಉತ್ತರ ಕೊಡದೆ ಇದ್ದುದನ್ನು ಸಮ್ಮತಿ ಎಂದು ತಿಳಿದು, ಶಾಲೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ‘ಆದ್ರೆ ಪಂಪು ಆಕ್ಸೋದೇ ಅಂತೀಯಾ?’ ಎಂದು ಹಿಂದೆ ತಿರುಗಿದರಂತೆ. ಹಿಂದೆ ಖಾಲಿ ಸೀಟು. ಬಾಗಿಲಲ್ಲಿ ನಿಂತಿದ್ದ ಹೆಡ್ ಮಿಸ್ಟ್ರೆಸ್ಸು ‘ಟೀಚರ್ ಎಲ್ಲಿ?’ ಎಂದು ತಮಿಳಿನಲ್ಲಿ ಕೇಳಿದರೆ ಇವರು ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ವಾಪಸು ಓಡಿಸಿದರಂತೆ.

ಅಷ್ಟರಲ್ಲಿ ನಾನು ಊರಿಗೆ ಮರಳುತ್ತಿದ್ದೆ, ನಮ್ಮ ಬೀದಿಯ ನಂಜಪ್ಪ ತಾತನ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಹೊರೆಯ ಮೇಲೆ. ತಾತ ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಸುದ್ದಿ ಹಂಚುತ್ತ ಬಂದ. ಮನೆ ಮುಟ್ಟುವ ಹೊತ್ತಿಗೆ ನಾನು ಮೋರಿಯಿಂದ ಕಾಲುವೆಗೆ ಬಿದ್ದು ತೇಲಿಹೋಗಿ ಮತ್ತೆ ಸಿಕ್ಕಿದವಳಾಗಿದ್ದೆ. ಅತ್ತೆ ಗಾಯ ತೊಳೆದು ಅರಿಸಿನ ಮೆತ್ತಿದರು. ಹಿಂದೆಯೇ ಯಜಮಾನರು ಮುಖ ಸುಣ್ಣವಾಗಿ ಬಂದು, ಕೈಕಾಲು ನೆಟ್ಟಗಿರುವ ನನ್ನನ್ನು ಕಂಡು ಜಗುಲಿಯ ಕಂಬಕ್ಕೆ ಆತು ಕುಸಿದು ಕೂತರು. ಮಾಮ ಮಾತ್ರ ಕೂತಲ್ಲಿಂದ ಏಳಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿ, ಕೋಪ ಎಲ್ಲ ಕನ್ನಡದಲ್ಲಿ, ತೀರ್ಪು ಮಾತ್ರ ತಮಿಳಿನಲ್ಲಿ. ಮಾಮ ಗಂಟಲು ಸರಿಮಾಡಿಕೊಂಡು ತಮಿಳಿಗೆ ಹೊರಳಿದರು.

‘ಇನಿಮೇ ವಂಡಿಯುಂ ವೇಣ್ಡಾಂ, ವೇಲೈಯುಂ ವೇಣ್ಡಾಂ’ ಎಂದರು. ಇನ್ನು ಗಾಡಿಯೂ ಬೇಡ, ಕೆಲಸವೂ ಬೇಡ.

ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಮೊಣಕೈ ಉರಿಗೆ ಅಲ್ಲ. ನನ್ನ ತರಗತಿಯಲ್ಲಿ ನಲವತ್ತಕ್ಕೆ ಒಂದೆರಡು ಕಡಿಮೆ ಹುಡುಗಿಯರಿದ್ದರು. ಮೂರು ವಾರದಲ್ಲಿ ಅವರ ಹೆಸರು, ಅವರ ಜಡೆ, ಯಾರ ಸ್ಲೇಟು ಒಡೆದಿದೆ, ಯಾರು ತಮ್ಮನನ್ನು ಎತ್ತಿಕೊಂಡು ಬರುತ್ತಾಳೆ ಎಲ್ಲ ನನಗೆ ಬಾಯಿಪಾಠವಾಗಿತ್ತು. ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮುಂದೆ ನಿಂತಾಗ ನನಗೆ ನಾನೇ ಒಂದು ಅಂಗುಲ ಎತ್ತರವಾದ ಹಾಗೆ ಅನ್ನಿಸುತ್ತಿತ್ತು. ಆ ಸಂತೋಷವನ್ನು ಹಿಂದೆ ಯಾವತ್ತೂ ಕಂಡಿರಲಿಲ್ಲ. ಅದು ಒಂದು ಮೋರಿಯ ಮೇಲೆ ಮುಗಿದುಹೋಗುತ್ತದೆಂದು ನಂಬಲು ಮನಸ್ಸು ಒಪ್ಪಲಿಲ್ಲ. ಮಾಮ ಕೆಟ್ಟವರಲ್ಲ. ತನ್ನ ತಂಗಿಯ ಮಗಳು ರಸ್ತೆಯಲ್ಲಿ ಬಿದ್ದಳೆಂಬ ಭಯ ಅವರ ಬಾಯಿಂದ ತೀರ್ಪಾಗಿ ಬಂದಿತ್ತು, ಅಷ್ಟೇ. ಆದರೆ ಹೆದರಿದವರ ತೀರ್ಪನ್ನು ತಿರುಗಿಸುವುದು ಕೋಪಗೊಂಡವರ ತೀರ್ಪಿಗಿಂತ ಕಷ್ಟ.

ಶನಿವಾರ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮನೆಯಿಂದ ಚಿನ್ನಮನೂರಿನ ಸಂತೆಗೆ ಹೊರಡುವ ಗಾಡಿಗಳಿಗೆ ಮೂಟೆ ಏರಿಸುವಾಗ ಮುಂದೆ ನಿಂತು ನೋಡಿಕೊಳ್ಳುತ್ತಿದ್ದವರು ಅವರೇ. ಭಾರ ಮುಂದಕ್ಕಾದರೆ ಎತ್ತಿನ ಕತ್ತು ನೋಯುತ್ತದೆ, ಹಿಂದಕ್ಕಾದರೆ ನೊಗ ಮೇಲೇಳುತ್ತದೆ. ಅತ್ತೆ ದೂರದಿಂದ ಒಂದು ಸಲ ನೋಡಿ ‘ಆ ಮೂಟೆ ಒಂದು ಗೇಣು ಹಿಂದೆ’ ಎಂದರೆ ಎರಡನೆಯ ಮಾತಿಲ್ಲ. ಹಗ್ಗವನ್ನು ಅವರೇ ಜಗ್ಗಿ ನೋಡದೆ ಯಾವ ಗಾಡಿಯೂ ಬೀದಿ ದಾಟುತ್ತಿರಲಿಲ್ಲ. ಅವರು ನನ್ನ ಬೀಳುವಿಕೆಯನ್ನೂ ಅದೇ ರೀತಿ ವಿಚಾರಿಸಿದರು.

‘ಏ ತಾಯಿ, ಬಿದ್ದಾಗ ಕೈಯ ಎಲ್ಲಿ ಮಡಗಿದ್ದೆ?’

‘ಮಡಿಲಾಗೆ ಅತ್ತೆ.’

‘ಅವನ್ನ ಇಡ್ಕಂಡಿರ್ಲಿಲ್ವಾ?’

‘ಎಂಗೆ ಇಡ್ಕಳ್ಳದು? ಮಾಮ ನೋಡ್ತಿರ್ತಾರಲ್ಲ.’

ಅತ್ತೆ ‘ಇಪ್ಪತ್ತು ಮೂಟೆ ಏರ್ಸಿ ಅಗ್ಗ ಬಿಗೀದೆ ನಾ ಯಾವತ್ತಾದ್ರೂ ವಂಡಿ ಕಳ್ಸಿದೀನಾ? ಮೂರು ವಾರ ನಿನ್ನ ಕಟ್ದೆ ಕಳ್ಸಿದೀನಲ್ಲೇ!’ ಎಂದು ತಮ್ಮ ಹಣೆಯನ್ನು ತಾವೇ ಬಡಿದುಕೊಂಡು, ಆಮೇಲೆ ನಗಲು ಶುರುಮಾಡಿದರು. ನಾನೂ ನಕ್ಕೆ. ಎರಡು ದಿನದಲ್ಲಿ ಮೊದಲ ನಗು.

ಭಾನುವಾರ ಸಂಜೆ ಊರಾಚೆಯ ಕಣದಲ್ಲಿ ಪರೀಕ್ಷೆ. ಒಕ್ಕಣೆ ಮುಗಿದು ಗುಡಿಸಿದ ಕಣ, ಬೀದಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಮಾಮ ಬರಲಿಲ್ಲ. ಮೊದಲು ಅತ್ತೆಯೇ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಸೀಟು ಹತ್ತಿದರು. ಮಗನ ಸೊಂಟವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಕಣವನ್ನು ಮೂರು ಸುತ್ತು ಬಂದರು. ಇಳಿದಾಗ ಅವರ ಕಣ್ಣು ಅರಳಿತ್ತು, ತುರುಬು ಬಿಚ್ಚಿಹೋಗಿತ್ತು. ‘ವೊಟ್ಟೆಯಾಗೆ ಗಾಳಿ ಓಡಾಡ್ತದೆ ಕಣೇ! ಇಡ್ಕಳ್ದೆ ಎಂಗೆ ಕೂತಿದ್ಯೇ ನೀನು?’ ಎಂದರು. ಆ ಐವತ್ತರ ಹೆಂಗಸಿಗೆ ಇನ್ನೊಂದು ಸುತ್ತು ಹೋಗುವ ಆಸೆ ಇತ್ತೆಂದು ನನಗೆ ಇವತ್ತಿಗೂ ಗುಮಾನಿ.

ಆಮೇಲೆ ನನ್ನ ಸರದಿ. ಅತ್ತೆ ನನ್ನ ಸೆರಗನ್ನು ಚಕ್ರಕ್ಕೆ ಸಿಕ್ಕದ ಹಾಗೆ ಸುತ್ತಿ ಮಡಿಲಿಗೆ ಸಿಕ್ಕಿಸಿದರು. ಕ್ಯಾರಿಯರನ್ನು ಕೈಯಿಂದ ಕಿತ್ತು ಗಾಡಿಯ ಹಿಂದಕ್ಕೆ ಹಗ್ಗದಲ್ಲಿ ಬಿಗಿದರು. ನನ್ನ ಬಲಗೈಯನ್ನು ಹಿಡಿದು, ಅಷ್ಟು ಜನರ ಎದುರಿಗೆ, ಮಗನ ಸೊಂಟದ ಮೇಲೆ ಇಟ್ಟರು. ನನ್ನ ಕಿವಿ ಬಿಸಿಯಾದವು. ಇಷ್ಟಕ್ಕೆ ಮುಗಿಯಲಿಲ್ಲ. ‘ಈಗ ಬೀಳ್ತಾ ಇದ್ದೀಯ ಅಂದ್ಕೋ. ಅವನ್ನ ಎಸ್ರಿಡ್ದು ಕೂಗು. ನೀ ಕೂಗೋಗಂಟ ಅವ ನಿಲ್ಸಲ್ಲ’ ಎಂದರು.

‘ಅತ್ತೆ, ಅವ್ರ ಆಯುಸ್ಸು...’ ಎಂದೆ.

‘ಕೂಗಿದ್ರೆ ಅವಂದು ಸವೀತದಂತೆ. ಕೂಗ್ದೇ ಇದ್ರೆ ನಿಂದು ಅವತ್ತೇ ಮುಗೀತಿತ್ತಲ್ಲ, ಅದುಕ್ಕೇನಂತೀಯ? ನಿಂಗೊಂದು ಆಯುಸ್ಸು ಅದೆಯೋ ಇಲ್ವೋ?’

ಗಾಡಿ ಹೊರಟಿತು. ಒಂದು ಸುತ್ತು, ಎರಡು ಸುತ್ತು, ನನ್ನ ಬಾಯಿ ಹೊಲಿದ ಹಾಗೆ ಮುಚ್ಚಿತ್ತು. ಐದನೆಯ ಸುತ್ತಿಗೆ ಹೆಂಗಸರು ಎಣಿಸಲು ಶುರುಮಾಡಿದರು. ಮುಂದೆ ಕೂತವರ ಬೆನ್ನು ನಗುವಿನಿಂದ ಕುಲುಕುತ್ತಿದ್ದುದು ನನ್ನ ಕೈಗೆ ತಿಳಿಯುತ್ತಿತ್ತು. ಅವರಿಗೆ ಈ ಪರೀಕ್ಷೆ ಮುಗಿಯುವುದೇ ಬೇಕಿರಲಿಲ್ಲ. ಒಂಬತ್ತು ಸುತ್ತಿಗೆ ತಲೆ ತಿರುಗಿತು. ಹತ್ತನೆಯದಕ್ಕೆ ಪೆಟ್ರೋಲ್ ತೀರಿಹೋಗಬಹುದೆಂಬ ಆಸೆ ಹುಟ್ಟಿತು. ಹನ್ನೊಂದನೆಯ ಸುತ್ತಿನಲ್ಲಿ ನನ್ನ ಮೂವತ್ತೆಂಟು ಹುಡುಗಿಯರು ಬೇರೆ ಯಾರದೋ ಮುಂದೆ ಕೂತು ಹಾಜರಿ ಹೇಳುತ್ತಿರುವುದು ಕಣ್ಣಿಗೆ ಬಂತು. ಎಲ್ಲಿತ್ತೋ ಆ ದನಿ, ಕಣದಾಚೆಯ ಹುಣಸೆಮರದ ಗಿಳಿಗಳು ಹಾರಿಹೋಗುವಂತೆ ‘ರಂಗಸಾಮೀ!’ ಎಂದು ಕೂಗಿಬಿಟ್ಟೆ.

ಗಾಡಿ ನಿಂತಿತು. ಅವರು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಮಾವಿನಕಾಯಿ ಕದ್ದ ದಿನಗಳ ನಂತರ ಆ ಹೆಸರನ್ನು ನನ್ನ ದನಿಯಲ್ಲಿ ಅವರು ಕೇಳಿದ್ದು ಅದೇ ಮೊದಲು. ‘ಏನು?’ ಎಂದರು, ತುಂಬ ಮೆಲ್ಲಗೆ. ಅಷ್ಟರಲ್ಲಿ ಹೆಂಗಸರೆಲ್ಲ ಒಟ್ಟಿಗೆ ನಕ್ಕು, ನಾಲಿಗೆ ಹೊರಳಿಸಿ ಕುಲವೆ ಹಾಕಿದರು, ಮದುವೆಯಲ್ಲಿ ಹಾಕುವ ಹಾಗೆ. ಆಯುಸ್ಸಿನ ವಿಷಯ ಹೇಳುವುದಾದರೆ, ರಂಗಸಾಮಿಯವರು ಈಗ ಎಂಬತ್ತು ದಾಟಿ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ.

ಅತ್ತೆ ಮಗನಿಗೂ ಷರತ್ತು ಹಾಕಿದರು. ಊರೊಳಗೆ, ದನ ಕಂಡ ಕಡೆ, ಮಕ್ಕಳು ಕಂಡ ಕಡೆ ಎತ್ತು ನಡೆಯುವ ವೇಗ. ಮೋರಿ ಬಂದರೆ ಮೊದಲೇ ‘ಮೋರಿ’ ಎಂದು ಹೇಳಬೇಕು, ದಾಟಿದ ಮೇಲೆ ‘ಇದ್ದೀಯಾ?’ ಎಂದು ಕೇಳಬೇಕು, ನಾನು ‘ಇದ್ದೀನಿ’ ಎಂದ ಮೇಲೆಯೇ ಮುಂದಿನ ಮಾತು. ದಾರಿಯಲ್ಲಿ ಐದು ಮೋರಿ. ಹೋಗುವಾಗ ಐದು ಸಲ ಇದ್ದೇನೆ, ಬರುವಾಗ ಐದು ಸಲ ಇದ್ದೇನೆ. ದಿನಕ್ಕೆ ಹತ್ತು ಸಲ ಗಂಡನಿಂದ ‘ಇದ್ದೀಯಾ’ ಎಂದು ಕೇಳಿಸಿಕೊಂಡ ಹೆಂಡತಿ ಆ ಕಾಲದಲ್ಲಿ ಮಧುರೆ ಜಿಲ್ಲೆಯಲ್ಲೇ ನಾನೊಬ್ಬಳಿರಬೇಕು. ಎಷ್ಟೋ ಮನೆಗಳಲ್ಲಿ ವರ್ಷಕ್ಕೊಮ್ಮೆಯೂ ಯಾರೂ ಹೀಗೆ ಕೇಳುವುದಿಲ್ಲ.

ಆದರೆ ತೀರ್ಪು ಇನ್ನೂ ಹಾಗೇ ಇತ್ತು. ಭಾನುವಾರ ರಾತ್ರಿ ಊಟಕ್ಕೆ ಬಡಿಸುತ್ತ ಅತ್ತೆ ‘ನಾಳೆ ಇಸ್ಕೂಲಿಗೆ ಓಗ್ತಾಳೆ’ ಎಂದರು. ಮಾಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಸಾರು ಮಾತ್ರ ಇನ್ನೊಂದು ಸಲ ಹಾಕಿಸಿಕೊಂಡರು. ಸೋಮವಾರ ಬೆಳಿಗ್ಗೆ ನಾನು ಹೊರಗೆ ಬಂದೆ. ಜಗುಲಿಯ ಮೇಲೆ ಎಂದಿನಂತೆ ಎಲ್ಲ ಮಾಮಂದಿರೂ ಸಾಲಾಗಿ ಕೂತಿದ್ದರು. ನಾನು ಸೀಟು ಹತ್ತಿ ಕೈ ಎತ್ತಿದೆ.

ಆಗ ನಮ್ಮ ಮಾಮ ಎದ್ದು ನಿಂತು, ಕೂತಿದ್ದ ಚಾಪೆಯನ್ನು ತಿರುಗಿಸಿ ಹಾಕಿ, ಗೋಡೆಗೆ ಮುಖ ಮಾಡಿ ಕೂತರು. ಅವರನ್ನು ನೋಡಿ ಪಕ್ಕದವರು ತಿರುಗಿದರು, ಅವರನ್ನು ನೋಡಿ ಅವರ ಪಕ್ಕದವರು. ಕ್ಷಣದಲ್ಲಿ ಜಗುಲಿಯ ತುಂಬ ಐದು ಬೆನ್ನುಗಳು, ಐದು ಬಿಳಿಯ ಮುಂಡಾಸುಗಳು, ಎಲ್ಲರೂ ಸುಣ್ಣದ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಾರೆ. ನೋಡಲು ಅವರಿಂದಾಗದು, ನಾನು ಬೀಳುವುದೂ ಅವರಿಗೆ ಬೇಡ. ಈ ಎರಡರ ನಡುವೆ ಆ ಮುದುಕರು ಕಂಡುಕೊಂಡ ದಾರಿ ಅದು. ಅಂದಿನಿಂದ ದಿನವೂ ಬೆಳಿಗ್ಗೆ ಮೋಟಾರಿನ ಸದ್ದು ಕೇಳಿದ ಕೂಡಲೆ ಜಗುಲಿ ಪೂರ್ತಿ ಗೋಡೆಗೆ ತಿರುಗುತ್ತಿತ್ತು, ನಾವು ಬೀದಿಯ ತಿರುವು ದಾಟಿದ ಮೇಲೆ ಮತ್ತೆ ಬೀದಿಗೆ ತಿರುಗುತ್ತಿತ್ತು. ರಸ್ತೆಯ ಮೇಲೆ ಹೋಗುವವರ ಸುರಕ್ಷತೆಗಾಗಿ ಲೋಕದಲ್ಲಿ ಏನೇನೋ ಏರ್ಪಾಡು ಮಾಡಿದ್ದಾರೆ, ಬೋರ್ಡು ನೆಟ್ಟಿದ್ದಾರೆ, ಗೆರೆ ಎಳೆದಿದ್ದಾರೆ. ಐದು ಜನ ಹಿರಿಯರು ಒಬ್ಬಳು ಹುಡುಗಿಯ ಜೀವಕ್ಕಾಗಿ ಚಾಪೆ ತಿರುಗಿಸಿ ಹಾಕಿಕೊಂಡದ್ದನ್ನು ಮಾತ್ರ ನಾನು ಬೇರೆಲ್ಲೂ ಕಂಡಿಲ್ಲ.

ಹೀಗೆ ಆಡಿ, ಆವಣಿ, ಪುರಟ್ಟಾಸಿ ಎಂಬ ಮೂರು ತಮಿಳು ತಿಂಗಳು ಕಳೆದವು. ನನ್ನ ಹುಡುಗಿಯರಿಗೆ ಯಾರೋ ಮೋರಿಯ ಕಥೆ ಹೇಳಿಬಿಟ್ಟಿದ್ದರು. ಹಾಜರಿ ಕರೆದಾಗ ತಮಿಳಿನಲ್ಲಿ ‘ಉಳ್ಳೇನ್ ಟೀಚರ್’, ಇದ್ದೇನೆ ಟೀಚರ್, ಅನ್ನಬೇಕಾದ ಕಳ್ಳಿಯರು, ನಾನು ಮನೆಮಾತಿನಲ್ಲಿ ಹೇಳುವ ‘ಇದ್ದೀನಿ’ಯನ್ನೇ ಎಲ್ಲರೂ ಹೇಳಿ ಕಿಸಕ್ಕೆಂದು ನಗುತ್ತಿದ್ದರು. ತಮಿಳು ಶಾಲೆಯಲ್ಲಿ ಮೂವತ್ತೆಂಟು ಬಾಯಿಗಳಿಂದ ಕನ್ನಡ. ನಾನು ಗದರಿಸಿದ ಹಾಗೆ ಮಾಡಿ ಸುಮ್ಮನಾಗುತ್ತಿದ್ದೆ.

ಮುಂದಿನ ತಿಂಗಳು ಐಪ್ಪಸಿಯ ಮಳೆ ಹಿಡಿಯಿತು. ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಬಿಟ್ಟ ಒಂದು ದಿನ ರಸ್ತೆಯ ಮಣ್ಣು ನುಣ್ಣಗಾಗಿ ಹೊಳೆಯುತ್ತಿತ್ತು. ಮೋಟಾರಿನ ಸದ್ದಾಯಿತು. ಜಗುಲಿಯ ಮೇಲೆ ನಾಲ್ವರು ಗೋಡೆಗೆ ತಿರುಗಿದರು. ಮಾಮ ತಿರುಗಲಿಲ್ಲ. ಅವರು ಜಗುಲಿ ಇಳಿದು, ಕೆಸರಿನಲ್ಲಿ ಬರಿಗಾಲಲ್ಲಿ ಗಾಡಿಯ ಬಳಿ ಬಂದರು. ಮುಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಹಿಂದಿನದನ್ನೂ ಒತ್ತಿದರು. ಹಿಂದೆ ಕಟ್ಟಿದ್ದ ಹಗ್ಗವನ್ನು ಜಗ್ಗಿ ನೋಡಿದರು. ಮಗನನ್ನು ‘ಏಲೆ, ಮೆದುವಾ’, ನಿಧಾನ ಎಂದು ಗದರಿದರು. ಆಮೇಲೆ ನನ್ನ ಕಡೆ ಬಂದರು. ಅವರು ಎದುರಿಗೇ ನಿಂತಿದ್ದರಿಂದ ಹಳೆಯ ಅಳುಕು ಮರಳಿ ನನ್ನ ಕೈ ತಾನಾಗಿ ಸಡಿಲಗೊಂಡು, ಎರಡು ಬೆರಳು ಮಾತ್ರ ಅಂಗಿಯ ಅಂಚಿನಲ್ಲಿ ಉಳಿದಿದ್ದವು. ಮಾಮ ಆ ಎರಡು ಬೆರಳನ್ನು ನೋಡಿದರು.

‘ಗಟ್ಟಿಯಾ ಇಡ್ಕ ತಾಯಿ’ ಎಂದರು. ‘ನಾ ನೋಡ್ತಾನೇ ಇದೀನಿ.’

ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಗಾಡಿ ಎತ್ತಿನ ನಡಿಗೆಯಲ್ಲಿ ಹೊರಟಿತು. ಬೀದಿಯ ತಿರುವಿನವರೆಗೂ ಅವರು ಕೆಸರಿನಲ್ಲಿ ನಿಂತು ನೋಡುತ್ತಲೇ ಇದ್ದರು, ನಾನೂ ಕೈ ಸಡಿಲಿಸಲಿಲ್ಲ.